ಮಂಡಗದ್ದೆಯಾಚೆಯ ಕಲ್ಲಿನ ಹಸು: ಕೈಗೆಂದು ಕೆತ್ತಿದ ಶಿಲ್ಪವೊಂದರ ವಿಮರ್ಶೆ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ಮಂಡಗದ್ದೆ ದಾಟಿದ ಮೇಲೆ ಸಿಗುವ ಒಂದು ಸಣ್ಣ ಖಾಸಗಿ ವಸ್ತುಸಂಗ್ರಹಾಲಯದ ತೋಟದಲ್ಲಿ ಮಲೆನಾಡು ಗಿಡ್ಡ ತಳಿಯ ಹಸುವಿನ ಕಲ್ಲಿನ ಶಿಲ್ಪವೊಂದಿದೆ. ಕಾಲು ಮಡಚಿ ಮಲಗಿ, ಕತ್ತನ್ನು ತುಸು ಎಡಕ್ಕೆ ಹೊರಳಿಸಿ ಮೆಲುಕು ಹಾಕುತ್ತಿರುವ ಈ ಹಸುವನ್ನು ಜನ ಮುಟ್ಟಲಿ ಎಂದೇ ಕೆತ್ತಿಸಿದ್ದಾರೆ. ದೂರದಿಂದ ನೋಡಿದರೆ ಇದು ಅಷ್ಟೇನೂ ಮನಸ್ಸು ಸೆಳೆಯುವುದಿಲ್ಲ. ಫೋಟೋದಲ್ಲಂತೂ ತೋಟದ ಮೂಲೆಯಲ್ಲಿ ಬಿದ್ದಿರುವ ಒಂದು ಕಪ್ಪು ಬಂಡೆಯ ಹಾಗೆ ಬರುತ್ತದೆ. ಹತ್ತಿರ ಹೋಗಿ ಅಂಗೈಯನ್ನು ಬೆನ್ನಿನ ಮೇಲಿಟ್ಟು ಬಾಲದ ಕಡೆಗೆ ಸರಿಸಿದಾಗ ಮಾತ್ರ ಶಿಲ್ಪಿ ಏನು ಮಾಡಿದ್ದಾರೆ ಎಂಬುದು ತಿಳಿಯುತ್ತದೆ. ಸಂಗ್ರಹಾಲಯದ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಒಂದು ಮನೆತನದವರು ತಮ್ಮ ಕೈಯಿಂದಲೇ ಖರ್ಚು ಹಾಕಿ ನಡೆಸುತ್ತಿರುವ ಸಂಸ್ಥೆ ಅದು, ಮುಂದೆ ಹೇಳಲಿರುವ ಆಕ್ಷೇಪಗಳನ್ನು ಅವರಿಗೇ ಬರೆದು ಕೊಟ್ಟು ಬಂದಿದ್ದೇನೆ. ಆ ದಾರಿಯಲ್ಲಿ ಓಡಾಡುವವರಿಗೆ ಜಾಗ ಯಾವುದೆಂದು ಗೊತ್ತಾಗದೆ ಇರುವುದಿಲ್ಲ.

ಒಳಗಿನ ಕೋಣೆಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಅಡಿಕೆ ಸುಲಿಯುವ ಮೆಟ್ಟುಗತ್ತಿ, ತಾಮ್ರದ ಹಂಡೆ, ಮರದ ಮರಿಗೆ, ಕಂಬಳಿಕೊಪ್ಪೆ, ನೇಗಿಲು, ನೊಗ ಎಲ್ಲವೂ ಗಾಜಿನ ಹಿಂದೆ ಅಚ್ಚುಕಟ್ಟಾಗಿವೆ. ನಮ್ಮ ಕಡೆಯ ಹಳೆಯ ಮನೆಗಳ ಅಟ್ಟ ಹತ್ತಿ ನೋಡಿದವರಿಗೆ ಇದರಲ್ಲಿ ಹೊಸದೇನೂ ಸಿಗಲಾರದು. ಹೋಗಬೇಕಾದದ್ದು ತೋಟಕ್ಕಾಗಿ, ತೋಟದಲ್ಲಿಯೂ ಆ ಹಸುವಿಗಾಗಿ.

ಗಿಡ್ಡ ತಳಿಯನ್ನು ಆರಿಸಿಕೊಂಡದ್ದು ಮೊದಲನೆಯ ಜಾಣತನ. ಕರ್ನಾಲಿನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯು 2012ರಲ್ಲಿ ಪ್ರತ್ಯೇಕ ತಳಿಯೆಂದು ನೋಂದಾಯಿಸಿದ ಈ ದನ ನಿಂತಾಗಲೂ ಭುಜದ ಹತ್ತಿರ ಮೂರು ಅಡಿಯ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಅಳತೆಯನ್ನು ಕುಗ್ಗಿಸದೆ, ನಿಜಗಾತ್ರದಲ್ಲಿಯೇ ಕೆತ್ತಿದರೂ ಆರು ವರ್ಷದ ಮಗುವಿನ ಕೈ ಹಿಣಿಲಿನ ತುದಿಯನ್ನು ಮುಟ್ಟುತ್ತದೆ. ಆನೆಯನ್ನೋ ಕಾಟಿಯನ್ನೋ ಮಾಡಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಆಗ ಒಂದೋ ಬೊಂಬೆಯಷ್ಟು ಚಿಕ್ಕದು ಮಾಡಬೇಕಿತ್ತು, ಇಲ್ಲವೇ ಸೊಂಡಿಲು ಮತ್ತು ಮುಂಗಾಲಿನಷ್ಟಕ್ಕೇ ಕೈ ತೃಪ್ತಿಪಡಬೇಕಿತ್ತು. ಕಣ್ಣು ದೊಡ್ಡ ಪ್ರಾಣಿಯ ಇಡೀ ಆಕಾರವನ್ನು ಒಂದೇ ನೋಟಕ್ಕೆ ಹಿಡಿಯುತ್ತದೆ. ಕೈ ಹಾಗಲ್ಲ, ತುಂಡು ತುಂಡಾಗಿ ತಿಳಿದು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತದೆ, ಆದ್ದರಿಂದ ಎರಡು ತೋಳುಗಳ ಅಳವಿಗೆ ಸಿಗುವ ಮೈ ಬೇಕು. ಮಲಗಿದ ಭಂಗಿಯೂ ಇದೇ ಕಾರಣಕ್ಕೆ ಸರಿ. ತೆಳ್ಳನೆಯ ನಾಲ್ಕು ಕಾಲುಗಳ ಮೇಲೆ ಕಲ್ಲಿನ ಮೈಯನ್ನು ನಿಲ್ಲಿಸಿದರೆ ಒಂದಲ್ಲ ಒಂದು ದಿನ ಮಕ್ಕಳು ಹತ್ತಿ ಮುರಿಯುತ್ತಾರೆ.

ಶಿಲ್ಪವು ಕೃಷ್ಣಶಿಲೆ ಎಂಬ ಗಟ್ಟಿಯಾದ ಕಪ್ಪು ಕಲ್ಲಿನದು. ನಮ್ಮ ಹೊಯ್ಸಳ ಶಿಲ್ಪಿಗಳು ಹೆಚ್ಚಾಗಿ ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತಾ ಹೋಗುವ ಗುಣದ್ದು. ಸೂಕ್ಷ್ಮ ಕುಸುರಿಗೆ ಅದು ಹೇಳಿ ಮಾಡಿಸಿದ್ದಾದರೂ ಬೀಗದ ಕೈಯಿಂದ ಗೀರಿದರೆ ಗೆರೆ ಮೂಡುವ ಕಲ್ಲನ್ನು ತೋಟದಲ್ಲಿ ಜನರ ಕೈಗೆ ಒಪ್ಪಿಸುವುದು ವಿವೇಕವಲ್ಲ. ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಕೆತ್ತನೆಯ ರೀತಿಯಲ್ಲಿದೆ. ಹೊಯ್ಸಳ ಶಿಲ್ಪದ ಹಾರ, ಗೆಜ್ಜೆ, ಬಳ್ಳಿಗಳ ಅಡಿಯಲ್ಲಿ ಕಲ್ಲನ್ನು ಆಳವಾಗಿ ಕೊರೆದಿರುತ್ತಾರೆ, ಆ ಕುಳಿಗಳಲ್ಲಿ ನೆರಳು ನಿಂತಾಗ ಆಭರಣ ಮೇಲೆದ್ದು ಕಾಣುತ್ತದೆ. ಬೆರಳಿಗೆ ಆ ನೆರಳಿನಿಂದ ಏನೂ ಪ್ರಯೋಜನವಿಲ್ಲ, ಕುಳಿಯೊಳಕ್ಕೆ ಅದು ಹೋಗುವುದೂ ಇಲ್ಲ. ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದ ಮೇಲಿರುವ ಸಿಂಹವಾಗಲಿ, ಅದೇ ಊರಿನಲ್ಲಿ ಸುಮಾರು 30 ಅಡಿ ಎತ್ತರದ ಕಂಬದ ತುದಿಯಲ್ಲಿ ಕೂತಿರುವ ಗಂಡಭೇರುಂಡವಾಗಲಿ ಕತ್ತೆತ್ತಿ ನೋಡುವುದಕ್ಕೆಂದೇ ಮಾಡಿದಂಥವು. ಈ ಹಸುವಿನ ಶಿಲ್ಪಿ ಆ ಪಾಠವನ್ನು ಬೇಕೆಂದೇ ಬದಿಗಿಟ್ಟಿದ್ದಾರೆ. ದೇವಸ್ಥಾನದ ನಂದಿಗೆ ಇರುವ ಗಂಟೆಯ ಸರ, ಹಣೆಪಟ್ಟಿ, ಬೆನ್ನಿನ ಜೂಲು ಯಾವುದೂ ಇದಕ್ಕಿಲ್ಲ. ಕೊರಳಲ್ಲಿ ಒಂದು ಹುರಿಹಗ್ಗ, ಅಷ್ಟೆ, ಅದರ ಹುರಿಯ ತಿರುವುಗಳು ಬೆರಳಿಗೆ ಒಂದೊಂದಾಗಿ ಸಿಗುತ್ತವೆ.

ಮೈಯ ಚರ್ಮವನ್ನು ಮೂಡಿಸಿದ ಬಗೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಉಳಿಯ ಸಣ್ಣ ಗುರುತುಗಳನ್ನು ಅಳಿಸದೆ, ಕೂದಲು ಬೆಳೆಯುವ ದಿಕ್ಕಿಗೆ ಓರೆಯಾಗಿ, ಒತ್ತೊತ್ತಾಗಿ ಬಿಟ್ಟಿದ್ದಾರೆ. ಹೀಗಾಗಿ ಕುತ್ತಿಗೆಯಿಂದ ಬಾಲದ ಕಡೆಗೆ ಸವರಿದರೆ ಕೈ ಜಾರುತ್ತದೆ, ತಿರುಗಿಸಿ ಸವರಿದರೆ ತೊಡರುತ್ತದೆ. ದನ ಸಾಕಿದವರಿಗೆ ಇದು ತಟ್ಟನೆ ಗುರುತಾಗುತ್ತದೆ. ಗಂಗೆದೊಗಲಿನ ಮಡಿಕೆಗಳ ಅಂಚನ್ನು ಉರುಟಾಗಿಸಿ, ಎರಡು ಮಡಿಕೆಗಳ ನಡುವೆ ಬೆರಳು ಹಿಡಿಯುವಷ್ಟು ಜಾಗ ಬಿಟ್ಟಿದ್ದಾರೆ. ಕಿವಿ ನಿಜಕ್ಕಿಂತ ದಪ್ಪಗಿದೆ, ಮುರಿಯಬಾರದೆಂಬ ಕಾರಣಕ್ಕೆ ಇರಬೇಕು. ಆದರೆ ಒಳಭಾಗವನ್ನು ಟೊಳ್ಳು ಮಾಡಿರುವುದರಿಂದ ಆ ದಪ್ಪ ಕೈಗೆ ಅಡ್ಡಿಯಾಗುವುದಿಲ್ಲ. ಪಕ್ಕೆಲುಬುಗಳು ಕಣ್ಣಿಗೆ ಬಹುತೇಕ ಕಾಣುವುದೇ ಇಲ್ಲ, ಅಂಗೈಯನ್ನು ತುಸು ಒತ್ತಿ ಎಳೆದರೆ ಚರ್ಮದ ಕೆಳಗೆ ಇದ್ದಾವೆ.

ಎಲ್ಲಕ್ಕಿಂತ ಚೆನ್ನಾಗಿರುವುದು ಮೂತಿ. ಇಡೀ ಶಿಲ್ಪದಲ್ಲಿ ಅಲ್ಲಿ ಮಾತ್ರ ಕಲ್ಲನ್ನು ಕನ್ನಡಿಯಂತೆ ಹೊಳಪು ಬರುವಷ್ಟು ತಿಕ್ಕಿದ್ದಾರೆ. ಕಲ್ಲು ಅಂಗೈಯ ಬಿಸಿಯನ್ನು ಬೇಗ ಎಳೆದುಕೊಳ್ಳುವುದರಿಂದ ಮುಟ್ಟಿದ ತಕ್ಷಣ ತಣ್ಣಗೆನಿಸುತ್ತದೆ, ಮೇಲ್ಮೈ ನುಣುಪಾದಷ್ಟೂ ಚರ್ಮ ಹೆಚ್ಚು ತಾಗಿ ಆ ತಂಪು ಇನ್ನೂ ಹೆಚ್ಚುತ್ತದೆ. ಆರೋಗ್ಯವಾಗಿರುವ ಹಸುವಿನ ಮೂತಿ ಸದಾ ಒದ್ದೆಯಾಗಿ ತಣ್ಣಗಿರುತ್ತದೆ. ಕಲ್ಲಿನ ಒಂದು ಗುಣವನ್ನು ಪ್ರಾಣಿಯ ಒಂದು ಗುಣಕ್ಕೆ ಹೀಗೆ ಹೊಂದಿಸಿಕೊಂಡ ಶಿಲ್ಪಿ ಕೊಟ್ಟಿಗೆಯಲ್ಲಿ ಕೆಲಸ ಮಾಡಿದವರೇ ಇರಬೇಕು ಎಂದು ನನಗೆ ತೋರಿತು. ಒಣಗಿದ ಕಲ್ಲು ಒದ್ದೆಯಾಗಿದೆ ಎಂದು ಬೆರಳಿಗೆ ಅನಿಸುವುದು ಸಣ್ಣ ಸಾಧನೆಯಲ್ಲ.

ಶಿಲ್ಪದ ದೋಷಗಳನ್ನು ಹೇಳುವುದಕ್ಕೆ ನನಗಿಂತ ನನ್ನ ಚಿಕ್ಕಪ್ಪ ಹೆಚ್ಚು ಯೋಗ್ಯರು. ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಳ್ಳುವ ಮುಂಚೆ ಅಡಿಕೆ ತೋಟದ ಜೊತೆಗೆ ಊರದನಗಳ ಒಂದು ಸಣ್ಣ ಮಂದೆಯನ್ನೇ ಇಟ್ಟುಕೊಂಡಿದ್ದವರು ಅವರು. ಶಿಲ್ಪದ ಸುತ್ತ ಒಂದು ಸುತ್ತು ಬಂದು, ಹಿಂಗಾಲು ಯಾವ ಪಕ್ಕಕ್ಕೆ ಚಾಚಿದೆ, ಮುಂಗಾಲಿನ ಮಂಡಿ ಹೇಗೆ ಮಡಚಿದೆ ಎಂಬುದನ್ನು ಮೊದಲು ನೋಡಿದರು. ದನ ಮಲಗುವಾಗ ಮುಂಗಾಲೂರಿ ಮಲಗುತ್ತದೆ, ಏಳುವಾಗ ಹಿಂಭಾಗವನ್ನು ಮೊದಲು ಎತ್ತುತ್ತದೆ. ಈ ಕಲ್ಲಿನ ಹಸು ಎದ್ದರೆ ಎಡವದೆ ಏಳುತ್ತದೆಯೇ ಎಂಬುದು ಅವರ ಪರೀಕ್ಷೆಯಾಗಿತ್ತು. ಅದರಲ್ಲಿ ಪಾಸಾಯಿತು. ಕೆಚ್ಚಲನ್ನು ಮುಟ್ಟಿ ಕರು ಹಾಕಿದ ಹಸುವೇ ಎಂದು ಒಪ್ಪಿಕೊಂಡರು. ಆಮೇಲೆ ಕೊಂಬಿನ ಬುಡಕ್ಕೆ ಕೈ ಹೋದಾಗ ನಿಂತರು. "ಕೆಚ್ಚಲು ನೋಡಿದರೆ ಮೂರ್ನಾಲ್ಕು ಕರು ಹಾಕಿದ ಹಾಗಿದೆ, ಕೊಂಬು ನೋಡಿದರೆ ಇನ್ನೂ ಕಡಸು. ಬಳೆಗಳೇ ಇಲ್ಲವಲ್ಲೋ ಮಾರಾಯ," ಎಂದರು. ಹಸುವಿನ ಕೊಂಬಿನ ಬುಡದಲ್ಲಿ ಕರು ಹಾಕಿದ ಹಾಗೆಲ್ಲಾ ಉಂಗುರದಂಥ ಗೆರೆಗಳು ಮೂಡುತ್ತವೆ. ಹಳಬರು ಅವನ್ನು ಎಣಿಸಿಯೇ ವಯಸ್ಸಿನ ಅಂದಾಜು ಮಾಡುತ್ತಿದ್ದರು. ವರ್ಷವರ್ಷವೂ ಗಬ್ಬವಾಗುತ್ತದೆಂದು ನಮ್ಮವರು ವರ್ಷಗಂಧಿ ಎಂದೂ ಕರೆಯುವ ತಳಿಗೆ ಸಾಪಾದ ಕೊಂಬನ್ನು ಇಟ್ಟದ್ದು ದೊಡ್ಡ ಮರೆವು. ತುದಿಯನ್ನು ಮೊಂಡಾಗಿಸಿದ್ದು ಮಕ್ಕಳ ಕಣ್ಣಿಗೆ ಚುಚ್ಚದಿರಲಿ ಎಂದಿರಬಹುದು, ಅದಕ್ಕೆ ನನ್ನ ತಕರಾರಿಲ್ಲ. ಬುಡದಲ್ಲಿ ನಾಲ್ಕು ಗೆರೆ ಕೊರೆಯುವುದರಿಂದ ಯಾರಿಗೂ ಚುಚ್ಚುತ್ತಿರಲಿಲ್ಲ, ಕೈಗೆ ಎಣಿಸುವ ಒಂದು ಸಂತೋಷವಾದರೂ ಸಿಗುತ್ತಿತ್ತು.

ಎರಡನೆಯ ದೋಷ ಕಣ್ಣುಗಳದ್ದು. ಉಳಿದ ಮೈಯಲ್ಲೆಲ್ಲಾ ಕೈಯನ್ನು ನೆನಪಿಟ್ಟುಕೊಂಡ ಶಿಲ್ಪಿ ಕಣ್ಣಿಗೆ ಬಂದಾಗ ಗುಡಿಯ ಪದ್ಧತಿಗೆ ಮರಳಿದ್ದಾರೆ. ಎರಡು ಸಾಲಿನ ರೆಪ್ಪೆ, ನಡುವೆ ಚಪ್ಪಟೆಯಾದ ಗುಡ್ಡೆ. ನೋಡುವವರಿಗೆ ಅದು ಸುಂದರವಾದ ಬಾದಾಮಿ ಕಣ್ಣು, ಬೆರಳಿಗೆ ಒಂದರ ಹಿಂದೊಂದು ಹಾದುಹೋಗುವ ಗೆರೆಗಳು ಮಾತ್ರ. ದನದ ಕಣ್ಣು ರೆಪ್ಪೆಯ ಕೆಳಗೆ ಉಬ್ಬಿಕೊಂಡಿರುತ್ತದೆ ಎಂಬುದು ಕೈಗೆ ತಿಳಿಯಬೇಕಿತ್ತು.

ಮುಟ್ಟುವ ವ್ಯವಸ್ಥೆಯನ್ನು ಸಂಗ್ರಹಾಲಯದವರು ಯೋಚಿಸಿಯೇ ಮಾಡಿದ್ದಾರೆ. ತೋಟದ ಬಾಗಿಲಲ್ಲಿ ನಲ್ಲಿ ಮತ್ತು ಸಾಬೂನು ಇವೆ. ಉಂಗುರಗಳನ್ನು ಕಳಚಿಡುವುದಕ್ಕೆ ಮುಚ್ಚಳದ ಡಬ್ಬಿ ಕೊಡುತ್ತಾರೆ, ಬಳೆ ತೆಗೆಯಲು ಇಷ್ಟವಿಲ್ಲದ ಹೆಂಗಸರಿಗೆ ಮಣಿಕಟ್ಟಿನ ಮೇಲೆ ಎಳೆದುಕೊಳ್ಳುವ ಬಟ್ಟೆಯ ಪಟ್ಟಿ ಕೊಡುತ್ತಾರೆ. ಇದು ಅತಿಯಾದ ಮಡಿ ಎಂದು ಭಾವಿಸಬೇಕಾಗಿಲ್ಲ. ಲೋಹ ಮತ್ತು ಹರಳು ಕಲ್ಲನ್ನು ಗೀರುತ್ತವೆ, ಬೆವರಿನ ಉಪ್ಪು ಮತ್ತು ಚರ್ಮದ ಎಣ್ಣೆ ಕಲ್ಲಿನ ಸಣ್ಣ ರಂಧ್ರಗಳಿಗೆ ಇಳಿಯುತ್ತವೆ. ಒಬ್ಬರ ಕೈಯಿಂದ ಏನೂ ಆಗದಿದ್ದರೂ ಸಾವಿರಾರು ಕೈಗಳ ಲೆಕ್ಕ ಬೇರೆ. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಆವರಣದಲ್ಲಿರುವ ವೀರಗಲ್ಲು, ಮಹಾಸತಿಕಲ್ಲುಗಳಂಥ ಹಳೆಯ ಶಿಲೆಗಳನ್ನು ಮುಟ್ಟಬಾರದು ಎನ್ನುವುದರ ಹಿಂದೆ ಇರುವುದೂ ಇದೇ ಕಾರಣ, ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವು 2015ರಲ್ಲಿ ಅನುಭವ್ ಎಂಬ ಸ್ಪರ್ಶ ಗ್ಯಾಲರಿಯನ್ನು ತೆರೆದಾಗ ಮೂಲ ವಸ್ತುಗಳನ್ನಿಡದೆ ಪ್ರತಿಕೃತಿಗಳನ್ನು ಇಟ್ಟಿತು. ಇಟಲಿಯ ಅಂಕೋನಾ ನಗರದಲ್ಲಿ 1993ರಲ್ಲಿ ಆರಂಭವಾದ ಒಮೆರೊ ಸ್ಪರ್ಶ ವಸ್ತುಸಂಗ್ರಹಾಲಯದಲ್ಲಿಯೂ ಪ್ರಸಿದ್ಧ ಶಿಲ್ಪಗಳ ಅಚ್ಚುಗಳಿವೆ. ಪ್ರತಿಕೃತಿಯಲ್ಲಿ ಆಕಾರ ಸಿಗುತ್ತದೆ, ಆದರೆ ಮೂಲ ಶಿಲ್ಪ ಕಣ್ಣಿಗೆಂದು ಮಾಡಿದ್ದಾದರೆ ಅದರ ಅಚ್ಚೂ ಹಾಗೆಯೇ ಇರುತ್ತದೆ. ಮಂಡಗದ್ದೆಯ ಈ ಹಸುವಿನ ಬೆಲೆ ಇರುವುದು ಇಲ್ಲಿ: ಇದು ಯಾವುದರ ನಕಲೂ ಅಲ್ಲ, ಸವೆದರೆ ಇತಿಹಾಸವೇನೂ ನಷ್ಟವಾಗದ ಹೊಸ ಕಲ್ಲು.

ನಮ್ಮ ಜನ ಕಲ್ಲಿನ ದನವನ್ನು ಕಂಡರೆ ಸುಮ್ಮನೆ ಮುಟ್ಟುವುದಿಲ್ಲ ಎಂಬ ಸಮಸ್ಯೆಯೂ ಇದೆ. ಗರ್ಭಗುಡಿಯ ದೇವರನ್ನು ದೂರದಿಂದ ನೋಡಿ ಅಭ್ಯಾಸವಾದವರಿಗೆ ಕೈಗೆ ಸಿಗುವ ದೇವರೆಂದರೆ ಎದುರಿನ ಬಸವಣ್ಣನೇ. ಅವನ ಬೆನ್ನು ಸವರಿ, ಕೊಂಬುಗಳ ನಡುವಿನಿಂದ ಲಿಂಗವನ್ನು ನೋಡಿ, ಕೈಯನ್ನು ಕಣ್ಣಿಗೊತ್ತಿಕೊಳ್ಳುವುದು ತಲೆಮಾರುಗಳಿಂದ ಬಂದ ರೂಢಿ. ಸಾಗರದ ಹತ್ತಿರದ ಇಕ್ಕೇರಿಯಲ್ಲಿ ಅಘೋರೇಶ್ವರನ ಎದುರಿಗಿರುವ ದೊಡ್ಡ ನಂದಿಯ ಮುಂದೆ ನಿಂತವರ ಕೈ ತಾನಾಗಿಯೇ ಮೇಲೇಳುವುದನ್ನು ಎಲ್ಲರೂ ನೋಡಿರುತ್ತಾರೆ. ಅದೇ ರೂಢಿಯಲ್ಲಿ ಇಲ್ಲಿಗೆ ಬಂದವರು ಹಸುವಿನ ಹಣೆಗೆ ಕುಂಕುಮ ಹಚ್ಚುತ್ತಾರೆ, ಕಾಲಿನ ಬಳಿ ನಾಣ್ಯ ಇಡುತ್ತಾರೆ. ಅರಿಸಿನದ ಕಲೆ ಕಲ್ಲಿನೊಳಗೆ ಇಳಿದರೆ ತೆಗೆಯುವುದು ಕಷ್ಟ. ನೋಡಿಕೊಳ್ಳುವ ಹೆಂಗಸು ಗದರದೆ, "ಮುಟ್ಟಿ, ಎಷ್ಟು ಹೊತ್ತು ಬೇಕಾದರೂ ಮುಟ್ಟಿ, ಹಚ್ಚುವುದು ಮಾತ್ರ ಬೇಡ," ಎಂದು ಎಲ್ಲರಿಗೂ ಹೇಳುತ್ತಿದ್ದರು. ದೀಪಾವಳಿಯ ಗೋಪೂಜೆಯ ದಿನ ಒಂದು ಹೂವಿನ ಹಾರಕ್ಕೆ ಮಾತ್ರ ಅವಕಾಶವಿದೆಯಂತೆ, ಅಷ್ಟನ್ನೂ ಬಿಡದಿದ್ದರೆ ಮಲೆನಾಡಿನಲ್ಲಿ ಸಂಗ್ರಹಾಲಯ ನಡೆಸುವುದು ಕಷ್ಟವಾದೀತು.

ಶಿಲ್ಪಕ್ಕೆ ಸಿಕ್ಕ ಯೋಚನೆ ಅದರ ಸುತ್ತಮುತ್ತಲಿಗೆ ಸಿಕ್ಕಿಲ್ಲ. ತೋಟದ ಬಾಗಿಲಿನಿಂದ ಹಸುವಿನವರೆಗೆ ಸಡಿಲವಾದ ಜಲ್ಲಿ ಹರಡಿದ ದಾರಿ. ಅದರಲ್ಲಿ ಗಾಲಿಕುರ್ಚಿ ಉರುಳುವುದಿಲ್ಲ, ಬಿಳಿಕೋಲು ಹಿಡಿದವರಿಗೆ ದಾರಿಯ ಅಂಚು ಎಲ್ಲಿ ಮುಗಿಯಿತು ಎಂದು ತಿಳಿಯುವುದಿಲ್ಲ. ನಡುವೆ ಮೂರು ಮೆಟ್ಟಿಲುಗಳಿವೆ, ಹಿಡಿದುಕೊಳ್ಳಲು ಕಂಬಿ ಇಲ್ಲ. ಗೂಟ ನೆಟ್ಟು ಸೊಂಟದ ಎತ್ತರಕ್ಕೆ ಒಂದು ಹಗ್ಗ ಕಟ್ಟಿದರೂ ಅರ್ಧ ಕಷ್ಟ ತೀರುತ್ತದೆ, ಅದಕ್ಕೆ ದೊಡ್ಡ ಅನುದಾನವೇನೂ ಬೇಡ.

ಬ್ರೈಲ್ ಫಲಕವಂತೂ ಇಟ್ಟೂ ಇಲ್ಲದಂತಾಗಿದೆ. ಬ್ರೈಲ್ ಅಕ್ಷರದ ಆರು ಚುಕ್ಕೆಗಳ ಮನೆ ಬೆರಳಿನ ತುದಿಯೊಳಗೆ ಒಮ್ಮೆಗೇ ಅಡಗಬೇಕು. ಪಕ್ಕಪಕ್ಕದ ಚುಕ್ಕೆಗಳ ನಡುವೆ ಇರಬೇಕಾದ ಅಂತರ ಸುಮಾರು ಎರಡೂವರೆ ಮಿಲಿಮೀಟರ್. ಇಲ್ಲಿ ಫಲಕ ಮಾಡಿದವರು ಕಾಣಲಿ ಎಂದು ಚುಕ್ಕೆಗಳನ್ನು ಅವರೆಕಾಳಿನಷ್ಟು ದಪ್ಪ ಮಾಡಿ ದೂರದೂರಕ್ಕೆ ಇಟ್ಟಿದ್ದಾರೆ. ಅದನ್ನು ಬ್ರೈಲ್ ಬಲ್ಲವರೂ ಓದಲಾರರು. ಮೇಲಾಗಿ ಅದು ಕಣ್ಣಿನ ಮಟ್ಟಕ್ಕೆ ನೆಟ್ಟಗೆ ಹಾಕಿದ ಸ್ಟೀಲ್ ಹಾಳೆ. ಸೊಂಟದ ಮಟ್ಟದಲ್ಲಿ ಇಳಿಜಾರಾಗಿ ಇಟ್ಟರೆ ಮಣಿಕಟ್ಟು ತಿರುಚದೆ ಓದಬಹುದು, ಬಿಸಿಲಿಗೆ ಸ್ಟೀಲು ಕಾಯುವುದನ್ನು ಹೇಳಬೇಕಾಗಿಯೇ ಇಲ್ಲ. ಚಿಕ್ಕಪ್ಪನ ಹಾಗೆ ನಡುವಯಸ್ಸಿನ ನಂತರ ದೃಷ್ಟಿ ಕಳೆದುಕೊಂಡವರಲ್ಲಿ ಅನೇಕರು ಬ್ರೈಲ್ ಕಲಿತಿರುವುದಿಲ್ಲ. ಅವರಿಗಾಗಿ ಫಲಕದ ಮೂಲೆಯಲ್ಲಿ ಕ್ಯೂಆರ್ ಕೋಡ್ ಇಟ್ಟಿದ್ದಾರೆ. ಆ ಕೋಡ್ ಎಲ್ಲಿದೆ ಎಂದು ಕಾಣದವರು ಕಂಡುಹಿಡಿಯುವುದು ಹೇಗೆ ಎಂದು ಯಾರೂ ಕೇಳಿಕೊಂಡಂತಿಲ್ಲ, ಜೊತೆಗೆ ಆ ತಗ್ಗಿನಲ್ಲಿ ಮೊಬೈಲ್ ನೆಟ್‌ವರ್ಕ್ ಸಿಗುವುದೂ ಅಪರೂಪ. ಒತ್ತಿದರೆ ಮಾತನಾಡುವ ಒಂದು ದೊಡ್ಡ ಗುಂಡಿ ಸಾಕಿತ್ತು. ಸದ್ಯಕ್ಕೆ ಆ ಕೆಲಸವನ್ನು ನೋಡಿಕೊಳ್ಳುವ ಹೆಂಗಸೇ ಮಾಡುತ್ತಾರೆ, ತುಂಬಾ ಚೆನ್ನಾಗಿಯೂ ಮಾಡುತ್ತಾರೆ: ಕೈ ಹಿಡಿದು ಎಳೆಯುವುದಿಲ್ಲ, ಕೊಂಬು ಎಡಗೈಯ ಮೇಲೆ ಇದೆ, ಬಾಲ ಬಲಗಡೆ ಸುತ್ತಿಕೊಂಡಿದೆ ಎಂದು ಬಾಯಲ್ಲಿ ಹೇಳಿ ಬಿಟ್ಟುಬಿಡುತ್ತಾರೆ.

ಬಿಸಿಲು ಮತ್ತು ಮಳೆಯ ಮಾತನ್ನೂ ಹೇಳಬೇಕು. ಕಪ್ಪು ಕಲ್ಲು ಬಿಸಿಲನ್ನು ಹೀರಿ ಕಾಯುತ್ತದೆ. ಪಕ್ಕದ ಹಲಸಿನ ಮರ ಬೆಳಗಿನ ಹೊತ್ತು ನೆರಳು ಕೊಡುತ್ತದೆ, ಹೊತ್ತು ನೆತ್ತಿಗೇರಿದ ಮೇಲೆ ಬೇಸಗೆಯಲ್ಲಿ ಹಸುವಿನ ಬೆನ್ನಿನ ಮೇಲೆ ಕೈ ಇಡುವುದು ಕಷ್ಟ. ಆಗ ಮೂತಿಯ ಆ ತಂಪೂ ಇರುವುದಿಲ್ಲ. ಮಳೆಗಾಲದಲ್ಲಿ ಎಲ್ಲದರ ಮೇಲೂ ಪಾಚಿ ಹಿಡಿಯುವ ನಾಡು ನಮ್ಮದು. ಉಳಿಯ ಆ ಸಣ್ಣ ಗುರುತುಗಳಲ್ಲಿ ಪಾಚಿ ಕೂತರೆ ಮೈಯ ಕೂದಲಿನ ಅನುಭವವೇ ಹೋಗಿಬಿಡುತ್ತದೆ, ಗಟ್ಟಿ ಬ್ರಷ್ಷಿನಿಂದ ಉಜ್ಜುತ್ತಾ ಹೋದರೆ ಗುರುತುಗಳೇ ಸವೆಯುತ್ತವೆ. ಕೊಟ್ಟಿಗೆಗೆ ಹಾಕುವ ಹಾಗೆ ನಾಲ್ಕು ಕಂಬದ ಮೇಲೆ ಸೋಗೆಯ ಮಾಡೊಂದನ್ನು ಹಾಕಿದರೆ ಎರಡು ಋತುಗಳ ಕಾಟಕ್ಕೂ ಪರಿಹಾರವಾಗುತ್ತದೆ. ಇದನ್ನು ನಾನು ಹೇಳಿದಾಗ ಶಿಲ್ಪ ಮರೆಯಾಗುತ್ತದೆ, ಫೋಟೋಗೆ ಸಿಗುವುದಿಲ್ಲ ಎಂಬ ಉತ್ತರ ಬಂತು. ಮುಟ್ಟುವುದಕ್ಕೆಂದು ಮಾಡಿದ ವಸ್ತುವಿನ ಬಗ್ಗೆ ಈ ಉತ್ತರ ನನಗೆ ಸರಿ ಎನಿಸಲಿಲ್ಲ.

ಮುಂದೆ ಇದೇ ತೋಟದಲ್ಲಿ ಮರದ ಶಿಲ್ಪವೊಂದನ್ನೂ ಇಡುವ ಯೋಚನೆ ಇದೆ ಎಂದರು. ಸಾಗರ, ಸೊರಬದ ಗುಡಿಗಾರರ ಕೈಕೆಲಸ ಪಕ್ಕದಲ್ಲಿಯೇ ಇರುವಾಗ ಅದು ಸಹಜವಾದ ಆಸೆ. ಆದರೆ ಗುಡಿಗಾರರ ಕುಸುರಿಯೂ ಕಣ್ಣಿನ ಕಲೆಯೇ. ಅಂಗುಲದೊಳಗೆ ಹತ್ತು ಬಳ್ಳಿ ಬಿಡಿಸಬಲ್ಲ ಕೈಗಳಿಗೆ ಬಳ್ಳಿಯನ್ನು ಬಿಟ್ಟುಬಿಡಿ ಎಂದು ಹೇಳಿ ಒಪ್ಪಿಸಬೇಕಾಗುತ್ತದೆ. ಮರವಾದರೆ ಅಂಗೈಗೆ ಬೆಚ್ಚಗಿರುತ್ತದೆ, ಮಲಗಿದ ಕರುವಿಗೆ ಅದು ಕಲ್ಲಿಗಿಂತ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ತೋಟದಲ್ಲಿ ಇಡುವುದಾದರೆ ಮಾಡಿನ ಮಾತು ಮತ್ತೆ ಬರುತ್ತದೆ. ನಮ್ಮ ಮಳೆಗೆ ಮತ್ತು ಗೆದ್ದಲಿಗೆ ಬಯಲಲ್ಲಿಟ್ಟ ಮರ ಹೆಚ್ಚು ವರ್ಷ ತಾಳುವುದಿಲ್ಲ.

ಹೋಗುವವರಿಗೆ ನನ್ನ ಸಲಹೆ ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ, ಬೆಳಗಿನ ಹೊತ್ತಿನಲ್ಲಿ ಹೋಗುವುದು. ಇದೇ ರಸ್ತೆಯಲ್ಲಿ ಮೊದಲೇ ಸಿಗುವ ಸಕ್ರೆಬೈಲಿನ ಆನೆ ಬಿಡಾರದಲ್ಲಿ ತುಂಗೆಯ ಹಿನ್ನೀರಿನ ಸ್ನಾನವನ್ನು ನೋಡಿಕೊಂಡು ಹೊರಟರೂ ಹಲಸಿನ ನೆರಳು ಸರಿಯುವ ಮುಂಚೆ ತಲುಪಬಹುದು. ಪ್ರವೇಶ ದರ ಹೊರೆಯಲ್ಲ, ಕಾಣದವರಿಗೂ ಅವರ ಜೊತೆ ಬಂದವರಿಗೂ ಅದೂ ಇಲ್ಲ. ರಜಾದಿನಗಳಲ್ಲಿ ಶಾಲೆಯ ಬಸ್ಸುಗಳು ಬಂದಾಗ ಒಬ್ಬೊಬ್ಬರಿಗೆ ಸಿಗುವ ಸಮಯ ತೀರಾ ಕಡಿಮೆಯಾಗುತ್ತದೆ, ಹಿಂದೆ ಸಾಲು ನಿಂತಿರುವಾಗ ಕೈಯಿಂದ ನೋಡುವುದು ಆಗದ ಮಾತು. ವಾರದ ನಡುವಿನ ದಿನವನ್ನು ಆರಿಸಿಕೊಳ್ಳಿ. ದೃಷ್ಟಿ ಇರುವವರು ಕಣ್ಣು ಮುಚ್ಚಿಕೊಂಡೇ ಆರಂಭಿಸಿ, ಬಾಲದ ಕಡೆಯಿಂದ ಮೂತಿಯ ಕಡೆಗೆ ಬನ್ನಿ. ಕಾಣದವರನ್ನು ಕರೆದುಕೊಂಡು ಹೋಗುವುದಾದರೆ ಜಲ್ಲಿಯ ದಾರಿಗೆ ಗಟ್ಟಿಯಾದ ಚಪ್ಪಲಿ ಹಾಕಿಸಿ, ಮೆಟ್ಟಿಲುಗಳ ಹತ್ತಿರ ತೋಳು ಕೊಡಿ.